ಕಡಲಂಚಿನ ಚಾಂಪಿಯನ್ನರು

“ಅಮ್ಮಾ, ಚೆಂಡು ಸಮುದ್ರಕ್ಕೆ ಬಿದ್ದರೆ ಯಾರು ತರ್ತಾರೆ?”

ಗೇಫೀಲ್ಡ್ ಮೈದಾನಕ್ಕೆ ಮೊದಲ ಸಲ ಕಾಲಿಟ್ಟಾಗ ನನ್ನ ಮಗ ಕೇಳಿದ ಪ್ರಶ್ನೆ ಇದು. ಉತ್ತರ ನನಗೂ ಗೊತ್ತಿರಲಿಲ್ಲ. ಮೈದಾನದ ಗೋಡೆ ದಾಟಿದರೆ ಸಾಕು, ಉತ್ತರ ಸಮುದ್ರ. ಭರತದ ಹೊತ್ತಿನಲ್ಲಿ ಗಾಳಿ ಎದ್ದರೆ ಅಲೆಯ ಹನಿಗಳು ನಿಂತವರ ಮುಖಕ್ಕೇ ರಾಚುತ್ತವೆ. ಯುರೋಪಿನ ಫುಟ್‌ಬಾಲ್ ಮೈದಾನಗಳಲ್ಲಿ ಕಡಲಿಗೆ ಇಷ್ಟು ಹತ್ತಿರ ಇನ್ನೊಂದಿಲ್ಲ ಎಂದು ಊರಿನವರು ಹೆಮ್ಮೆಯಿಂದ ಹೇಳುತ್ತಾರೆ. ಆ ದಿನದ ಚಳಿಯಲ್ಲಿ ಅದರಲ್ಲಿ ಹೆಮ್ಮೆಪಡುವಂಥದ್ದು ಏನಿದೆಯೋ ನನಗೆ ತಿಳಿಯಲಿಲ್ಲ.

ಇದು 2017ರ ಮಾತು. ಯಜಮಾನರಿಗೆ ಸ್ಕಾಟ್ಲೆಂಡಿನ ಡಂಡೀ ನಗರದಲ್ಲಿ ಕೆಲಸ ಸಿಕ್ಕಿ, ನಾವು ಶಿವಮೊಗ್ಗದಿಂದ ಹೊರಟು ಬಂದಿದ್ದೆವು. ಡಂಡೀಯಲ್ಲಿ ಬಾಡಿಗೆ ಜಾಸ್ತಿ ಎನಿಸಿ, ರೈಲಿನಲ್ಲಿ ಇಪ್ಪತ್ತು ನಿಮಿಷದ ದೂರದಲ್ಲಿದ್ದ ಆರ್ಬ್ರೋತ್ ಎಂಬ ಊರಿನಲ್ಲಿ ಮನೆ ಹಿಡಿದೆವು. ಮಗನಿಗೆ ಆಗ ಹನ್ನೊಂದು. ಗೆಳೆಯರನ್ನೆಲ್ಲ ಬಿಟ್ಟು ಬಂದ ಸಿಟ್ಟು ಅವನಿಗೆ ಇನ್ನೂ ಇಳಿದಿರಲಿಲ್ಲ. ಶಾಲೆಯಲ್ಲಿ ಮಾತಿಗೊಂದು ದಾರಿಯಾಗಲಿ ಎಂದು ನಾನೇ ಅವನನ್ನು ಫುಟ್‌ಬಾಲ್ ನೋಡಲು ಎಳೆದುಕೊಂಡು ಹೋದೆ.

ಆ ದಿನ ನಮ್ಮ ಗೋಲ್‌ಕೀಪರ್ ಎತ್ತಿ ಒದ್ದ ಚೆಂಡು ಗಾಳಿಗೆ ಸಿಕ್ಕಿ ತಿರುಗಿ ಅವನ ಕಡೆಗೇ ಬಂತು. ಮಧ್ಯಾಹ್ನ ಮೂರಕ್ಕೆ ಶುರುವಾದ ಪಂದ್ಯ ಮುಗಿಯುವ ಮೊದಲೇ ಕತ್ತಲಾಯಿತು. ಸೋತೆವು. ದಾರಿಯುದ್ದಕ್ಕೂ ಮಗ ಒಂದೇ ಮಾತು ಕೇಳಿದ: “ಇಲ್ಲಿ ಗೆಲ್ಲೋ ಟೀಮ್ ಯಾವುದಮ್ಮಾ?”

ಕೆಂಪು ದೀಪದವರು

ಗೆಲ್ಲುವ ತಂಡ ಸ್ಕಾಟ್ಲೆಂಡಿನಲ್ಲಿ ಇಲ್ಲದೇ ಏನಿಲ್ಲ. ಗ್ಲಾಸ್ಗೋ ನಗರದ ಸೆಲ್ಟಿಕ್ 2012ರಿಂದ 2020ರವರೆಗೆ ಸತತ ಒಂಬತ್ತು ಸಲ ದೇಶದ ಅಗ್ರ ಲೀಗ್ ಗೆದ್ದಿತು. ಅದೇ ನಗರದ ರೇಂಜರ್ಸ್ ಅದರ ಹಳೆಯ ಪ್ರತಿಸ್ಪರ್ಧಿ. ಮಗನ ತರಗತಿಯ ಎಷ್ಟೋ ಮಕ್ಕಳು ಈ ಎರಡರಲ್ಲಿ ಒಂದರ ಅಂಗಿ ತೊಟ್ಟವರೇ.

ಆದರೆ ಸ್ಕಾಟ್ಲೆಂಡಿನ ಲೀಗ್ ಒಂದು ಏಣಿಯ ಹಾಗೆ. ಮೇಲಿನ ಮೆಟ್ಟಿಲಾದ ಪ್ರೀಮಿಯರ್‌ಶಿಪ್‌ನಲ್ಲಿ 12 ತಂಡಗಳು. ಅದರ ಕೆಳಗೆ ಚಾಂಪಿಯನ್‌ಶಿಪ್, ಲೀಗ್ ಒನ್, ಲೀಗ್ ಟೂ ಎಂಬ ಮೂರು ಮೆಟ್ಟಿಲುಗಳಲ್ಲಿ ಹತ್ತು ಹತ್ತು. ಕೆಳಗಿನ ಲೀಗ್‌ಗಳಲ್ಲಿ ಪ್ರತಿ ತಂಡವೂ ಉಳಿದ ಒಂಬತ್ತು ತಂಡಗಳ ಜತೆ ನಾಲ್ಕು ನಾಲ್ಕು ಸಲ ಆಡಬೇಕು, ಒಟ್ಟು 36 ಪಂದ್ಯ. ಗೆದ್ದರೆ ಮೂರು ಅಂಕ, ಸಮವಾದರೆ ಒಂದು. ಮೊದಲು ಬಂದವರು ಒಂದು ಮೆಟ್ಟಿಲು ಮೇಲೆ, ಕೊನೆಗೆ ಬಿದ್ದವರು ಒಂದು ಮೆಟ್ಟಿಲು ಕೆಳಗೆ. ಆರ್ಬ್ರೋತ್ ಆಗ ಮೂರನೆಯ ಮೆಟ್ಟಿಲಿನಲ್ಲಿತ್ತು.

ಕೆಳಗಿನ ಮೆಟ್ಟಿಲಿನ ಆಟಗಾರರಲ್ಲಿ ಬಹಳ ಮಂದಿಗೆ ಫುಟ್‌ಬಾಲ್ ಒಂದೇ ಹೊಟ್ಟೆ ತುಂಬಿಸುವುದಿಲ್ಲ. ಹಗಲು ಬೇರೆ ಉದ್ಯೋಗ, ವಾರಕ್ಕೆ ಎರಡು ಸಂಜೆ ಅಭ್ಯಾಸ, ಶನಿವಾರ ಪಂದ್ಯ. ನಮ್ಮ ತಂಡದ ಬಾಬಿ ಲಿನ್ ವಾರವೆಲ್ಲ ಕಸ ಸಾಗಿಸುವ ಲಾರಿಯ ಕೆಲಸ ಮಾಡಿ, ಶನಿವಾರ ಪಕ್ಕದ ಗೆರೆಯುದ್ದಕ್ಕೂ ಚೆಂಡು ಒಯ್ಯುತ್ತಿದ್ದ. ಇದು ಗೊತ್ತಾದ ಮೇಲೆ ಮಗ ಕಸದ ಲಾರಿ ಬಂದಾಗಲೆಲ್ಲ ಕಿಟಕಿಗೆ ಓಡತೊಡಗಿದ.

ಆರ್ಬ್ರೋತ್ ದೊಡ್ಡ ಊರೇನಲ್ಲ. ಜನಸಂಖ್ಯೆ ಸುಮಾರು 24 ಸಾವಿರ. ಹೊಗೆಯಲ್ಲಿ ಹದಮಾಡಿದ ಹ್ಯಾಡಕ್ ಮೀನಿಗೆ ಹೆಸರುವಾಸಿಯಾದ ಬೆಸ್ತರ ಊರು. ಹಿಂದೆ ಕತ್ತಲಲ್ಲಿ ಮರಳುವ ದೋಣಿಗಳಿಗೆ ಬಂದರಿನ ಕೆಂಪು ದೀಪ ದಾರಿ ತೋರಿಸುತ್ತಿತ್ತಂತೆ. ಅದಕ್ಕೇ ಊರಿನವರಿಗೂ ತಂಡಕ್ಕೂ ‘ರೆಡ್ ಲಿಕ್ಟೀಸ್’, ಅಂದರೆ ಕೆಂಪು ದೀಪದವರು ಎಂಬ ಅಡ್ಡಹೆಸರು.

36 ಗೋಲು ಹೊಡೆದವರು

ಮೈದಾನದ ಮಧ್ಯಗೆರೆಯ ನೇರಕ್ಕೆ, ಕಟಕಟೆಗೆ ಒರಗಿ ಒಬ್ಬ ಅಜ್ಜ ನಿಲ್ಲುತ್ತಿದ್ದರು. ಪ್ರತಿ ಶನಿವಾರ ಅದೇ ಜಾಗ. ಇಲ್ಲಿನ ಅಭಿಮಾನಿಗಳಿಗೆ ಮಧ್ಯಂತರದಲ್ಲಿ ಬದಿ ಬದಲಿಸುವ ರೂಢಿ. ನಮ್ಮವರು ಯಾವ ಕಡೆ ಗೋಲು ಹೊಡೆಯಬೇಕೋ ಆ ಕಡೆಗೆ ಗುಂಪು ಗುಂಪಾಗಿ ನಡೆದುಹೋಗುತ್ತಾರೆ. ಅಜ್ಜ ಮಾತ್ರ ಕದಲುತ್ತಿರಲಿಲ್ಲ. ಚಿಕ್ಕವರಿದ್ದಾಗ ಅವರ ತಂದೆ ಅವರನ್ನು ಮೊದಲ ಸಲ ನಿಲ್ಲಿಸಿದ್ದು ಅಲ್ಲಿಯೇ ಅಂತೆ.

ತಂಡದ ಕಥೆಯನ್ನು ಮಗನಿಗೆ ಹೇಳಿದವರು ಅವರೇ. ತಂಡ ಹುಟ್ಟಿದ್ದು 1878ರಲ್ಲಿ. 1885ರ ಸೆಪ್ಟೆಂಬರ್ 12ರಂದು ಸ್ಕಾಟಿಷ್ ಕಪ್ ಪಂದ್ಯದಲ್ಲಿ ಅಬರ್ಡೀನ್‌ನ ಬಾನ್ ಅಕಾರ್ಡ್ ತಂಡವನ್ನು ಆರ್ಬ್ರೋತ್ 36–0 ಗೋಲುಗಳಿಂದ ಸೋಲಿಸಿತು. ಜಾನ್ ಪೆಟ್ರಿ ಎಂಬ ಹುಡುಗ ಒಬ್ಬನೇ 13 ಗೋಲು ಹೊಡೆದ. ಕೆಲಸವೇ ಇಲ್ಲದ ನಮ್ಮ ಗೋಲ್‌ಕೀಪರ್ ಮಳೆಯಲ್ಲಿ ಯಾರದೋ ಕೊಡೆಯ ಕೆಳಗೆ ನಿಂತಿದ್ದನೆಂದು ಈಗಲೂ ಹೇಳುತ್ತಾರೆ. ತಮಾಷೆ ಎಂದರೆ, ಅದೇ ದಿನ ಅದೇ ಕಪ್‌ನಲ್ಲಿ ಡಂಡೀ ಹಾರ್ಪ್ ತಂಡವೂ 35–0ರಿಂದ ಗೆದ್ದಿತ್ತು! ಒಂದು ಗೋಲಿನ ಅಂತರದಲ್ಲಿ ದಾಖಲೆ ನಮ್ಮದಾಯಿತು.

“ಹಾಗಾದರೆ ಎಷ್ಟು ಕಪ್ ಗೆದ್ದಿದ್ದೀರಿ?” ಮಗ ಕಣ್ಣರಳಿಸಿ ಕೇಳಿದ.

ಅಜ್ಜ ನಕ್ಕರು. ಎರಡನೆಯವರಾಗಿ ಮೇಲಿನ ಮೆಟ್ಟಿಲು ಹತ್ತಿದ್ದು ಕೆಲವು ಸಲ ಉಂಟು. ಆದರೆ ಯಾವುದೇ ಲೀಗಿನಲ್ಲಿ ಮೊದಲ ಸ್ಥಾನ ಎಂದು ಸಿಕ್ಕಿದ್ದು 2011ರಲ್ಲಿ, ಅದೂ ದೇಶದ ಕಟ್ಟಕಡೆಯ ಮೆಟ್ಟಿಲಿನಲ್ಲಿ. ತಂಡ ಹುಟ್ಟಿ 133 ವರ್ಷವಾದ ಮೇಲೆ!

ಮಗನ ಮುಖ ಸಪ್ಪಗಾಯಿತು. ಆ ವಾರವೇ ಹುಟ್ಟುಹಬ್ಬಕ್ಕೆ ಸೆಲ್ಟಿಕ್ ಅಂಗಿ ಬೇಕೆಂದ. ತರಿಸಿಕೊಡೋಣವೆಂದೇ ನಾನೂ ಅಂದುಕೊಂಡೆ. ಬಂದಾಗಿನಿಂದ ಮಗು ಬಾಯಿಬಿಟ್ಟು ಕೇಳಿದ ಮೊದಲ ವಸ್ತು ಅದು.

ಮುಂದಿನ ಶನಿವಾರ ಇನ್ನೊಂದು ಸಲ ಮಾತ್ರ ಎಂದು ಹೋದೆವು. ಮಧ್ಯಂತರದಲ್ಲಿ ಅಜ್ಜ ಮಗನ ಕಡೆ ಬಾಗಿ, “ಪೈ ತರಲು ಹೋಗ್ತೀನಿ, ನನ್ನ ಜಾಗ ನೋಡಿಕೊಂಡಿರ್ತೀಯಾ?” ಎಂದರು. ಮಗ ಎರಡೂ ಕೈಯಲ್ಲಿ ಕಟಕಟೆ ಹಿಡಿದು ಕಾವಲುಗಾರನಂತೆ ನಿಂತ. ಅಜ್ಜ ಬರುವಾಗ ತಮಗೆ ಮಾಂಸದ ಪೈ, ನಾವು ಸಸ್ಯಾಹಾರಿಗಳೆಂದು ತಿಳಿದುಕೊಂಡು ಅವನಿಗೆ ಮ್ಯಾಕರೋನಿ ಪೈ ತಂದರು. ಅಂದಿನಿಂದ ಅದು ಅವನ ಕೆಲಸವಾಯಿತು. ಮಳೆ ಇರಲಿ, ಹಿಮ ಬೀಳಲಿ, ಶನಿವಾರ ಬಂತೆಂದರೆ, “ಬೇಗ ಹೊರಡಮ್ಮಾ, ಅಜ್ಜನ ಜಾಗ ನೋಡಿಕೊಳ್ಳಬೇಕು” ಎನ್ನುವನು. ಅಂಗಿಯ ಸುದ್ದಿ ಮತ್ತೆ ಬರಲಿಲ್ಲ.

ಬಹಳ ದಿನದ ಮೇಲೆ ನನಗೊಂದು ವಿಷಯ ಹೊಳೆಯಿತು. ಆರು ಸಾವಿರಕ್ಕೂ ಹೆಚ್ಚು ಜನ ಹಿಡಿಸುವ ಆ ಮೈದಾನಕ್ಕೆ ಬರುತ್ತಿದ್ದವರು ಸಾವಿರದ ಆಸುಪಾಸು. ಅಕ್ಕಪಕ್ಕವೆಲ್ಲ ಖಾಲಿ. ಅಜ್ಜನ ಜಾಗವನ್ನು ಕದಿಯುವವರು ಯಾರೂ ಇರಲಿಲ್ಲ.

ಆ ಶನಿವಾರ

ನಾವು ಬಂದ ಮೊದಲ ವರ್ಷ ಬಡ್ತಿ ಸಿಗಲಿಲ್ಲ. 2018–19ರಲ್ಲಿ ಮಾತ್ರ ಏನೋ ಬದಲಾಗಿತ್ತು. ಮ್ಯಾನೇಜರ್ ಡಿಕ್ ಕ್ಯಾಂಪ್‌ಬೆಲ್ ಅರವತ್ತೈದು ದಾಟಿದವರು, ತಲೆಯ ಮೇಲೆ ಸದಾ ಚಪ್ಪಟೆ ಟೋಪಿ. ಅವರ ಸಹಾಯಕ ಇಯಾನ್ ಅವರ ಅವಳಿ ಸೋದರ. 2016ರಲ್ಲಿ ಕೊನೆಯ ಮೆಟ್ಟಿಲಿನಲ್ಲಿದ್ದ ತಂಡವನ್ನು ಕೈಗೆತ್ತಿಕೊಂಡು, ಮರುವರ್ಷವೇ ಲೀಗ್ ಟೂ ಗೆಲ್ಲಿಸಿದ್ದರು. ಈಗ ಅದೇ ತಂಡ ಲೀಗ್ ಒನ್ ಪಟ್ಟಿಯ ಮೇಲಿತ್ತು.

ಮೇಲಿದ್ದವರ ಸಂಕಟ ಏನೆಂದು ನನಗೆ ಆಗಲೇ ತಿಳಿದದ್ದು. ಸೋಲುವಾಗ ಭಯವಿರಲಿಲ್ಲ, ಈಗ ಪ್ರತಿ ಶನಿವಾರ ಹೊಟ್ಟೆಯಲ್ಲಿ ಕಲಸಿದಂತಾಗುತ್ತಿತ್ತು. ಮಗ ಗೋಡೆಗೆ ಪಟ್ಟಿ ಅಂಟಿಸಿ, ಪೆನ್ಸಿಲ್ಲಿನಲ್ಲಿ ಅಂಕ ಬರೆದು ಅಳಿಸಿ ಮತ್ತೆ ಬರೆಯುತ್ತಿದ್ದ. ಲೆಕ್ಕ ಎಂದರೆ ಓಡುತ್ತಿದ್ದ ಹುಡುಗ, “ಉಳಿದ ಆರರಲ್ಲಿ ಮೂರು ಗೆದ್ದು ಎರಡು ಸಮವಾದರೆ...” ಎಂದು ಊಟದ ಹೊತ್ತಿನಲ್ಲೂ ಗುಣಿಸುತ್ತಿದ್ದ.

ಏಪ್ರಿಲ್‌ನ ಆ ಶನಿವಾರ ಬಂದಾಗ ನಾವು ಮೈದಾನದಲ್ಲಿರಲಿಲ್ಲ! ಪರಿಚಯದ ಕನ್ನಡ ಕುಟುಂಬಗಳು ಡಂಡೀಯಲ್ಲಿ ಯುಗಾದಿಯ ಊಟಕ್ಕೆ ಸೇರಿದ್ದೆವು. ಹಬ್ಬ ಕಳೆದಿದ್ದರೂ ರಜೆ ಹೊಂದಿಸಿಕೊಂಡು ಸೇರುವುದು ಇಲ್ಲಿನ ಪದ್ಧತಿ. ಒಬ್ಬಟ್ಟು ಮಾಡುವ ಹೊಣೆ ನನ್ನದಾದ್ದರಿಂದ ತಪ್ಪಿಸುವಂತಿರಲಿಲ್ಲ. ಬೆಳಗ್ಗೆಯಿಂದ ಮಗ ನನ್ನೊಂದಿಗೆ ಮಾತು ಬಿಟ್ಟಿದ್ದ. ಸಂಜೆ ಐದರ ಹೊತ್ತಿಗೆ ಪಡಸಾಲೆಯಲ್ಲಿ ರೇಡಿಯೊ ಕಿವಿಗಿಟ್ಟುಕೊಂಡು ಕೂತವನು ಇದ್ದಕ್ಕಿದ್ದಂತೆ ಕೂಗಿಕೊಂಡ: “ಅಮ್ಮಾ, ನಾವು ಗೆದ್ದ್ವಿ! ನಾವು ಚಾಂಪಿಯನ್!”

ಕೂತವರೆಲ್ಲ ಇಂಡಿಯಾದ ಯಾವ ಮ್ಯಾಚು ಎಂದು ಕೇಳಿದರು. ನಾನು ಉತ್ತರಿಸಲಿಲ್ಲ. ನನ್ನ ಕಿವಿಯಲ್ಲಿ ಉಳಿದದ್ದು ‘ಚಾಂಪಿಯನ್’ ಎಂಬ ಮಾತಲ್ಲ, ‘ನಾವು’ ಎಂಬ ಮಾತು. ಎರಡು ವರ್ಷದಿಂದ ಅವನು ಈ ಊರಿನ ಬಗ್ಗೆ ‘ಅವರು’, ‘ಇಲ್ಲಿಯವರು’ ಎಂದೇ ಹೇಳುತ್ತಿದ್ದ. ನಾನೂ ಅಷ್ಟೇ.

ಮುಂದಿನ ಸಲ ಮೈದಾನಕ್ಕೆ ಹೋದಾಗ ಅಜ್ಜ ಅವನ ಕೈ ಕುಲುಕಿದರು. “ನಾನು ಐವತ್ತು ವರ್ಷಕ್ಕೂ ಹೆಚ್ಚು ಕಾದೆ. ನೀನು ಎರಡೇ ವರ್ಷ! ಅದೃಷ್ಟವಂತ ಕಣೋ” ಎಂದರು. ಆ ವರ್ಷ ಲೀಗ್ ಒನ್‌ನ ಶ್ರೇಷ್ಠ ಆಟಗಾರ ಎಂದು ಸಹ ಆಟಗಾರರೇ ಆರಿಸಿದ್ದು ಬಾಬಿ ಲಿನ್‌ನನ್ನು. ಸೋಮವಾರ ಕಸದ ಲಾರಿ ಬಂದಾಗ ಮಗ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದ. ಲಾರಿಯಲ್ಲಿದ್ದವರು ಬೇರೆ ಯಾರೋ. ಅವರೂ ನಗುತ್ತ ಕೈಬೀಸಿದರು.

ಎರಡು ಅಂಕದ ದೂರ

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಏಣಿ ಹತ್ತಿದವರು ಅಲ್ಲೇ ಇರಬೇಕಲ್ಲ. 2021–22ರಲ್ಲಿ ಚಾಂಪಿಯನ್‌ಶಿಪ್‌ನ ಹತ್ತು ತಂಡಗಳಲ್ಲಿ ಬೇರೆ ಉದ್ಯೋಗ ಮಾಡಿಕೊಂಡು ಆಡುವವರದ್ದೆಂದರೆ ನಮ್ಮದೊಂದೇ. ಆದರೂ ಅಗ್ರ ಲೀಗಿನ ಬಾಗಿಲು ತಟ್ಟಿತು. 2022ರ ಏಪ್ರಿಲ್ 22ರ ರಾತ್ರಿ ಕಿಲ್ಮಾರ್ನಾಕ್‌ನಲ್ಲಿ ನಮ್ಮವರು ಒಂದು ಗೋಲಿನಿಂದ ಮುಂದಿದ್ದರು. ಪಂದ್ಯ ಮುಗಿಯಲು ಸ್ವಲ್ಪ ಹೊತ್ತಿರುವಾಗ ಎರಡು ಗೋಲು ಬಿಟ್ಟುಕೊಟ್ಟು 2–1ರಿಂದ ಸೋತರು. ಕಿಲ್ಮಾರ್ನಾಕ್ ಚಾಂಪಿಯನ್ ಆಯಿತು. ಕೊನೆಯ ಪಟ್ಟಿಯಲ್ಲಿ ಅಂತರ ಎರಡೇ ಅಂಕ. ಉಳಿದಿದ್ದ ಒಂದು ಅವಕಾಶವನ್ನೂ ಇನ್ವರ್ನೆಸ್ ಎದುರು ಪೆನಾಲ್ಟಿ ಒದೆತದಲ್ಲಿ ಕಳೆದುಕೊಂಡೆವು. ಎರಡು ದಿನ ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ.

2023ರ ಕೊನೆಯಲ್ಲಿ ಕ್ಯಾಂಪ್‌ಬೆಲ್ ಹೊರನಡೆದರು. 2024ರಲ್ಲಿ ತಂಡ ಪಟ್ಟಿಯ ಕೊನೆಗೆ ಬಿದ್ದು ಕೆಳಗಿನ ಮೆಟ್ಟಿಲಿಗಿಳಿಯಿತು. ಆಗ ಮಗ ಗ್ಲಾಸ್ಗೋದಲ್ಲಿ ಕಾಲೇಜಿನ ಮೊದಲ ವರ್ಷದಲ್ಲಿದ್ದ. ಸೆಲ್ಟಿಕ್ ಮೈದಾನ ಅವನಿದ್ದ ಕೋಣೆಗೆ ದೂರವೇನಲ್ಲ. ಅವನು ಪರೀಕ್ಷೆಯ ಓದನ್ನು ಚೀಲಕ್ಕೆ ತುಂಬಿಕೊಂಡು ರೈಲು ಹತ್ತಿ ಊರಿಗೆ ಬಂದ. “ಯಾಕೋ ಬಂದೆ? ಇನ್ನೇನಿದೆ ನೋಡೋಕೆ?” ಎಂದೆ. “ಕೊನೆಯ ಪಂದ್ಯಗಳಮ್ಮಾ, ಜನ ಬೇಕಲ್ಲ” ಎಂದ.

ಮರುವರ್ಷ, 2025ರಲ್ಲಿ, ಆರ್ಬ್ರೋತ್ ಮತ್ತೆ ಲೀಗ್ ಒನ್ ಗೆದ್ದಿತು. ಹೊರಗಿನಿಂದ ಯಾರನ್ನೋ ಕರೆತಂದು ಗೆದ್ದದ್ದಲ್ಲ. ವರ್ಷಗಳಿಂದ ಇದೇ ತಂಡದಲ್ಲಿ ಆಡಿದ್ದ ಡೇವಿಡ್ ಗೋಲ್ಡ್, ಕಾಲಿನ್ ಹ್ಯಾಮಿಲ್ಟನ್ ಇಬ್ಬರೂ ಕೂಡಿ ತಂಡದ ಹೊಣೆ ಹೊತ್ತಿದ್ದರು. ಬಿದ್ದ ವರ್ಷವೂ ಇಲ್ಲೇ ಇದ್ದವರು ಅವರು.

ಅಜ್ಜನಿಗೆ ಈಗ ಮೊಣಕಾಲು ಸಹಕರಿಸುವುದಿಲ್ಲ. ಮನೆಯಲ್ಲೇ ರೇಡಿಯೊ ಕೇಳುತ್ತಾರೆ. ಮಗ ಊರಿನಲ್ಲಿದ್ದರೆ ಮಧ್ಯಂತರದಲ್ಲಿ ಅವರಿಗೆ ಫೋನ್ ಮಾಡಿ, ರೇಡಿಯೊದವರು ಹೇಳದೆ ಬಿಟ್ಟ ವಿಷಯಗಳನ್ನು ಹೇಳುತ್ತಾನೆ. ಗಾಳಿ ಯಾವ ಕಡೆಯಿಂದ, ಅಲೆ ಗೋಡೆ ದಾಟಿತೇ, ಪೈ ಬಿಸಿಯಿತ್ತೇ ಎಂಬಂಥವು.

ಕಳೆದ ಸಲ ಅವನೊಂದಿಗೆ ನಾನೂ ಹೋಗಿದ್ದೆ. ನಮ್ಮ ಪಕ್ಕದಲ್ಲಿ ಹೊಸದಾಗಿ ಬಂದ ಒಂದು ಮನೆಯವರಿದ್ದರು. ಅವರ ಚಿಕ್ಕ ಹುಡುಗಿ ಚಳಿಗೆ ಮೂಗು ಕೆಂಪಗೆ ಮಾಡಿಕೊಂಡು, ಮನೆಗೆ ಹೋಗೋಣವೆಂದು ಅಪ್ಪನ ತೋಳು ಜಗ್ಗುತ್ತಿದ್ದಳು. ಮಧ್ಯಂತರದ ಸೀಟಿ ಊದಿತು. ಅಕ್ಕಪಕ್ಕದ ಕಟಕಟೆಯೆಲ್ಲ ಖಾಲಿ ಖಾಲಿ.

ಮಗ ಅವಳ ಕಡೆ ಬಾಗಿ, “ನಾನು ಪೈ ತರಲು ಹೋಗ್ತೀನಿ. ನನ್ನ ಜಾಗ ನೋಡಿಕೊಂಡಿರ್ತೀಯಾ?” ಎಂದ.