ಹೊಡೆತದ ಹಿಂದೆ ಮಾರಾಟದ ಕಥೆ ಇರಬಹುದು!

ಗಂಡನ ಮನೆಯಲ್ಲಿ ಪೆಟ್ಟು ತಿನ್ನುತ್ತಿರುವ ಹೆಣ್ಣಿಗೆ ‘ಹೊಂದ್ಕೊಂಡು ಹೋಗಮ್ಮ’ ಎನ್ನುವ ಮುನ್ನ, ‘ಈ ಮನೆಗೆ ನೀನು ಹೇಗೆ ಬಂದೆ?’ ಎಂದು ಕೇಳಿ. ಆ ಉತ್ತರದಿಂದ ಕಾನೂನಿನ ದಾರಿಯೇ ಬದಲಾಗಬಹುದು.

ನಿಮ್ಮ ಮೇಲಿನ ಮನೆಗೆ ಹೊಸ ಸಂಸಾರ ಬಾಡಿಗೆಗೆ ಬಂದಿದೆ ಅಂದುಕೊಳ್ಳಿ. ಗಂಡನಿಗೆ ನಲವತ್ತು ದಾಟಿದೆ. ಹುಡುಗಿಗೆ ಇಪ್ಪತ್ತೋ ಇಪ್ಪತ್ತೊಂದೋ. ಬಟ್ಟೆ ಒಣಹಾಕಲು ಟೆರೇಸಿಗೆ ಬಂದರೂ ಅತ್ತೆ ಹಿಂದೆಯೇ ಇರುತ್ತಾರೆ. ತವರಿನಿಂದ ಒಬ್ಬರೂ ಬಂದದ್ದಿಲ್ಲ. ರಾತ್ರಿ ಜಗಳ, ಅಳು. ಬೆಳಿಗ್ಗೆ ನೋಡಿದರೆ ತುಟಿ ಊದಿರುತ್ತದೆ. ನೀವು ‘ಪಾಪ’ ಅಂದುಕೊಳ್ಳುತ್ತೀರಿ. ನಿಮ್ಮ ಯಜಮಾನರು ‘ಗಂಡ-ಹೆಂಡಿರ ಜಗಳ, ನಮಗ್ಯಾಕೆ ಊರ ಉಸಾಬರಿ’ ಎಂದು ಟೀವಿ ಸೌಂಡು ಜಾಸ್ತಿ ಮಾಡುತ್ತಾರೆ.

ಒಂದು ಮಧ್ಯಾಹ್ನ ಆಕೆಯೇ ಬಾಗಿಲು ತಟ್ಟಿ, ‘ಆಂಟೀ, ನನ್ನನ್ನ ದುಡ್ಡು ಕೊಟ್ಟು ತಂದಿದಾರಂತೆ, ಆ ದುಡ್ಡು ತೀರೋವರೆಗೂ ತವರಿನ ಹೆಸರೆತ್ತಬಾರದಂತೆ’ ಅಂದರೆ? ಆಗ ಅದು ಬರೀ ಗಂಡ-ಹೆಂಡಿರ ಜಗಳವಲ್ಲ. ಮಾನವ ಕಳ್ಳಸಾಗಣೆಯೂ ಇರಬಹುದು.

ತಾಳಿ ಇದ್ದರೂ ಸಾಗಣೆಯೇ?

ಹೌದು. ಕಳ್ಳಸಾಗಣೆ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ವೇಶ್ಯಾಗೃಹ ಮಾತ್ರ. ಆದರೆ ಹರಿಯಾಣದ ಹಳ್ಳಿಗಳಲ್ಲಿ ಹಣ ಕೊಟ್ಟು ಹೊರರಾಜ್ಯದಿಂದ ತಂದ ಸೊಸೆಯರಿಗೆ ‘ಪಾರೋ’, ‘ಮೋಲ್ಕಿ’ ಎಂಬ ಹೆಸರೇ ಇದೆ. ಮೋಲ್ಕಿ ಎಂದರೆ ಬೆಲೆ ಕೊಟ್ಟು ತಂದವಳು. 2011ರ ಜನಗಣತಿಯಲ್ಲಿ ಆ ರಾಜ್ಯದಲ್ಲಿ 1000 ಗಂಡಸರಿಗೆ 879 ಹೆಂಗಸರಷ್ಟೇ ಇದ್ದರು. ಹೆಣ್ಣು ಭ್ರೂಣ ಬೇಡವೆಂದವರ ಮನೆಗೇ ಮುಂದೆ ಹೆಣ್ಣು ಬೇಕಾಯಿತು, ದಲ್ಲಾಳಿಗೆ ದಾರಿಯಾಯಿತು. ‘ವರದಕ್ಷಿಣೆ ಬೇಡ, ಮದುವೆ ಖರ್ಚೂ ನಮ್ಮದೇ’ ಎನ್ನುವ ದೂರದ ಸಂಬಂಧ ಬಡವರ ಮನೆಗೆ ಬಂದರೆ ನಮ್ಮ ಕಡೆಯೂ ಎಷ್ಟು ಜನ ಹಿಂದೆ-ಮುಂದೆ ವಿಚಾರಿಸುತ್ತಾರೆ, ಹೇಳಿ?

ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ ಪ್ರಕಾರ, ಶೋಷಣೆಗಾಗಿ ಬೆದರಿಸಿ, ಮೋಸ ಮಾಡಿ ಅಥವಾ ಆಮಿಷ ತೋರಿಸಿ ಒಬ್ಬರನ್ನು ಸಾಗಿಸುವುದು, ಇರಿಸಿಕೊಳ್ಳುವುದು, ಪಡೆಯುವುದು ಎಲ್ಲವೂ ಅಪರಾಧ. ಶಿಕ್ಷೆ ಕನಿಷ್ಠ 7 ವರ್ಷ. ‘ಅವಳೇ ಒಪ್ಪಿ ಬಂದಳು’ ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ. ಸಂತ್ರಸ್ತೆಯ ಒಪ್ಪಿಗೆ ಲೆಕ್ಕಕ್ಕೆ ಬರುವುದಿಲ್ಲ ಎಂದು ಕಾನೂನೇ ಹೇಳಿದೆ. 2024ರ ಜುಲೈ 1ಕ್ಕೆ ಮೊದಲು ನಡೆದ ಘಟನೆಯಾದರೆ ಹಳೆಯ ದಂಡ ಸಂಹಿತೆಯ 370ನೇ ಕಲಂ ಅನ್ವಯಿಸುತ್ತದೆ.

ಹುಡುಗಿ ಅಪ್ರಾಪ್ತೆಯೇ? 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಂತೆ, ಮದುವೆಗಾಗಿ ಮಾರಿದ ಅಥವಾ ಮದುವೆಯ ನಂತರ ಮಾರಿದ ಅಪ್ರಾಪ್ತೆಯ ಮದುವೆ ಮದುವೆಯೇ ಅಲ್ಲ.

ಎರಡು ಬಾಗಿಲು

ಇಂಥ ಹೆಣ್ಣಿಗೆ ಕಾನೂನಿನಲ್ಲಿ ಎರಡು ಬಾಗಿಲಿವೆ. ಒಂದು ಪೊಲೀಸ್ ದೂರು. ಇನ್ನೊಂದು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ. ಒಂದರಲ್ಲಿ ಹೋದರೆ ಇನ್ನೊಂದು ಮುಚ್ಚುವುದಿಲ್ಲ. ಈ ಮಾತು ಎಷ್ಟೋ ಜನರಿಗೆ ಗೊತ್ತೇ ಇಲ್ಲ.

ದೌರ್ಜನ್ಯ ತಡೆ ಕಾಯ್ದೆಯಡಿ ಮ್ಯಾಜಿಸ್ಟ್ರೇಟರು ‘ಆಕೆಯ ಹತ್ತಿರ ಸುಳಿಯಬೇಡ’ ಎಂದು ರಕ್ಷಣಾ ಆದೇಶ ಕೊಡಬಹುದು. ಜೀವನಕ್ಕೆ ಹಣ, ಪರಿಹಾರ, ಮಕ್ಕಳ ತಾತ್ಕಾಲಿಕ ಸುಪರ್ದಿ ಕೊಡಿಸಬಹುದು. ತುರ್ತಿದ್ದರೆ ಮಧ್ಯಂತರ ಆದೇಶವೂ ಉಂಟು. ಆದೇಶ ಮೀರಿದರೆ ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಆಕೆ ತಪ್ಪಿಸಿಕೊಂಡು ತವರಿಗೆ ಬಂದಿದ್ದರೆ ಅಲ್ಲಿನ ಕೋರ್ಟಿನಲ್ಲೇ ಅರ್ಜಿ ಹಾಕಬಹುದು. ಕೇಸಿಗಾಗಿ ಮತ್ತೆ ಆ ಊರಿಗೆ ಹೋಗಬೇಕಿಲ್ಲ. ಪೊಲೀಸ್ ದೂರೂ ಅಷ್ಟೆ. ಯಾವ ಠಾಣೆಯಲ್ಲಾದರೂ ‘ಝೀರೋ ಎಫ್‌ಐಆರ್’ ದಾಖಲಿಸಬಹುದು.

ಎಡವುವುದು ಎಲ್ಲಿ?

ಮೊದಲನೆಯದು ರಾಜಿ. ‘ಸಂಸಾರ ಅಂದ್ಮೇಲೆ ಇದ್ದದ್ದೇ’ ಎಂದು ಬುದ್ಧಿ ಹೇಳಿ ಗಂಡನ ಜತೆ ಕಳಿಸಿಬಿಡುತ್ತಾರೆ. ದುಡ್ಡು ಕೊಟ್ಟು ತಂದವನ ಕೈಗೆ ಮತ್ತೆ ಒಪ್ಪಿಸಿದರೆ ಆಕೆ ಇನ್ನೊಮ್ಮೆ ಬಾಗಿಲು ತಟ್ಟುವ ಅವಕಾಶವೇ ಸಿಗದಿರಬಹುದು.

ಎರಡನೆಯದು ಅಭ್ಯಾಸಬಲದ ಅರ್ಜಿ. ಸಾಮಾನ್ಯವಾಗಿ ಹೆಂಡತಿಗೆ ‘ಅದೇ ಮನೆಯಲ್ಲಿ ವಾಸಿಸುವ ಹಕ್ಕು’ ಕೇಳುತ್ತೇವೆ. ಮಾರಾಟವಾಗಿ ಬಂದವಳಿಗೆ ಆ ಮನೆಯೇ ಜೈಲು. ಆಕೆಗೆ ಬೇಕಾದ್ದು ಬೇರೆ ಕಡೆ ಸುರಕ್ಷಿತ ಜಾಗ. ವಕೀಲರಿಗೆ ಇದನ್ನು ಬಿಡಿಸಿ ಹೇಳಿ.

ಮೂರನೆಯದು ಅರ್ಧ ಕಥೆ. ಸಂರಕ್ಷಣಾಧಿಕಾರಿ ಬರೆಯುವ ಘಟನಾ ವರದಿಯಲ್ಲಿ ಬರೀ ಹೊಡೆತ-ಬೈಗುಳ ಸೇರಿದರೆ ಸಾಲದು. ಕರೆತಂದವರು ಯಾರು, ಯಾರು ಯಾರಿಗೆ ದುಡ್ಡು ಕೊಟ್ಟರು ಎಂಬುದೂ ಬರಬೇಕು.

ನೀವು ಏನು ಮಾಡಬಹುದು?

* ಆಕೆ ಒಬ್ಬಳೇ ಸಿಕ್ಕಾಗ ಮಾತಾಡಿ. ಊರು ಯಾವುದು, ಆಧಾರ್ ಕಾರ್ಡು ಯಾರ ಹತ್ತಿರ ಇದೆ, ಅಮ್ಮನಿಗೆ ಫೋನ್ ಮಾಡೋಕೆ ಬಿಡ್ತಾರಾ ಎಂದು ಮೆಲ್ಲಗೆ ಕೇಳಿ. ತನಿಖೆ ಮಾಡಲು ಹೋಗಬೇಡಿ.

* ಗಂಡನನ್ನೋ ಅತ್ತೆಯನ್ನೋ ದಬಾಯಿಸಬೇಡಿ. ಸಿಟ್ಟೆಲ್ಲ ಆಕೆಯ ಮೈಮೇಲೆ ತೀರುತ್ತದೆ, ರಾತ್ರೋರಾತ್ರಿ ಮನೆ ಖಾಲಿಯೂ ಆಗಬಹುದು. ಫೋಟೊ, ವಿಷಯ ವಾಟ್ಸ್‌ಆ್ಯಪ್ ಗ್ರೂಪಿಗೆ ಹೋಗಲೇಬಾರದು.

* ಪ್ರಾಣಾಪಾಯವಿದ್ದರೆ 112. ಸಲಹೆ, ಆಸರೆಗೆ ಮಹಿಳಾ ಸಹಾಯವಾಣಿ 181. ಹದಿನೆಂಟು ತುಂಬದ ಹುಡುಗಿಯಾದರೆ 1098.

* ಸಂರಕ್ಷಣಾಧಿಕಾರಿಗೆ ಮಾಹಿತಿ ಕೊಡಲು ನೀವು ನೆಂಟರೇ ಆಗಬೇಕಿಲ್ಲ. ಸದುದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಬೀಳುವುದಿಲ್ಲ ಎಂದು ಕಾಯ್ದೆಯೇ ಅಭಯ ಕೊಟ್ಟಿದೆ. ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ.

* ‘ಸಖಿ’ ಕೇಂದ್ರದಲ್ಲಿ ಚಿಕಿತ್ಸೆ, ಆಪ್ತಸಲಹೆ, ಕಾನೂನು ನೆರವು, ಕೆಲವು ದಿನದ ವಾಸ ಒಂದೇ ಕಡೆ ಸಿಗುತ್ತದೆ. ಹೆಚ್ಚು ದಿನದ ಆಸರೆಗೆ ‘ಶಕ್ತಿ ಸದನ’ಗಳಿವೆ.

* ಆಕೆ ವಯಸ್ಕಳಾದರೆ ತೀರ್ಮಾನ ಆಕೆಯದೇ. ಇವತ್ತು ‘ಬೇಡ’ ಅಂದರೂ ನಂಬರು ಬಾಯಿಪಾಠ ಮಾಡಿಸಿ. ಬಾಗಿಲು ತೆರೆದಿಡಿ.

ವಕೀಲರ ಫೀಸು ಯಾರು ಕೊಡೋದು?

ಯಾರೂ ಕೊಡಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಎಲ್ಲ ಮಹಿಳೆಯರಿಗೂ, ಕಳ್ಳಸಾಗಣೆಗೆ ಒಳಗಾದವರಿಗೂ ಉಚಿತ ವಕೀಲರ ನೆರವು ಉಂಟು. ವರಮಾನದ ಮಿತಿಯಿಲ್ಲ. ಕೋರ್ಟಿನ ಆವರಣದಲ್ಲಿರುವ ಜಿಲ್ಲಾ ಪ್ರಾಧಿಕಾರ ಅಥವಾ ತಾಲ್ಲೂಕು ಸಮಿತಿಗೆ ಹೋಗಿ. ಇಲ್ಲವೇ 15100ಕ್ಕೆ ಕರೆ ಮಾಡಿ. ಸರ್ಕಾರದ ಪರಿಹಾರ ಧನಕ್ಕೂ ಇಲ್ಲೇ ಅರ್ಜಿ. ಆರೋಪಿ ಪತ್ತೆಯಾಗದಿದ್ದರೂ ಅರ್ಜಿ ಹಾಕಬಹುದು.

ನಮ್ಮ ಮನೆಯೊಳಗೂ ಒಮ್ಮೆ ಇಣುಕಿ

ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡಿ. ಏಜೆನ್ಸಿಯವರು ದೂರದ ಊರಿನಿಂದ ತಂದುಬಿಟ್ಟ ಕೆಲಸದ ಹುಡುಗಿ ನಿಮ್ಮ ಮನೆಯಲ್ಲೇ ಇದ್ದಾಳೆಯೇ? ಆಕೆಯ ಸಂಬಳ ಆಕೆಯ ಕೈಗೇ ಹೋಗುತ್ತದೆಯೇ? ನೀವು ಊರಿಗೆ ಹೊರಟಾಗ ಹೊರಗಿನಿಂದ ಬೀಗ ಹಾಕುತ್ತೀರಾ? ಮನೆಕೆಲಸದವಳಿಗೆ ಕೌಟುಂಬಿಕ ದೌರ್ಜನ್ಯ ಕಾಯ್ದೆ ಅನ್ವಯಿಸುವುದಿಲ್ಲ ನಿಜ. ಆದರೆ 143ನೇ ಕಲಂ ಇದೆ, 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯೂ ಇದೆ. ಅಲ್ಲಿ ಆರೋಪಿಯ ಜಾಗದಲ್ಲಿ ನಾವೇ ನಿಲ್ಲಬೇಕಾದೀತು!

ಹಾಗಾಗಿ ಮೇಲಿನ ಮನೆಯ ಹುಡುಗಿ ಒಂದು ದಿನ ಮೊಸರಿಗೆ ಹೆಪ್ಪು ಕೇಳುವ ನೆಪದಲ್ಲಿ ನಿಮ್ಮ ಬಾಗಿಲಿಗೆ ಬಂದರೆ, ಹೆಪ್ಪು ಕೊಟ್ಟು ಸುಮ್ಮನೆ ಕಳಿಸಬೇಡಿ. ‘ನಿಮ್ಮ ತವರು ಯಾವೂರಮ್ಮ?’ ಎಂದು ಕೇಳಿ. ಆಕೆಯನ್ನು ಯಾರಾದರೂ ಹಾಗೆ ಕೇಳಿ ಎಷ್ಟು ದಿನವಾಗಿದೆಯೋ!