ವಿಮಾನ ನಿಲ್ದಾಣದ ವೃತ್ತಿಯೂ ನಮ್ಮ ನಾಡಿನ ತರುಣರೂ

ಕಳೆದ ತಿಂಗಳು ಯಲಬುರ್ಗಾ ತಾಲೂಕಿನ ರೈತ ಗೃಹಸ್ಥರೊಬ್ಬರು ತಮ್ಮ ಮಗನನ್ನು ಕರೆದುಕೊಂಡು ನಮ್ಮ ಕಚೇರಿಗೆ ಬಂದಿದ್ದರು. ಹುಡುಗನು ಭೌತಶಾಸ್ತ್ರ ಗಣಿತಶಾಸ್ತ್ರಗಳನ್ನು ಓದಿ ಬಿ.ಎಸ್‌ಸಿ. ಪರೀಕ್ಷೆಯಲ್ಲಿ ತೇರ್ಗಡೆಯಾದವನು, ವಯಸ್ಸು 25. ವಿಮಾನ ನಿಲ್ದಾಣದ ನೌಕರಿಗೆ ತಯಾರು ಮಾಡಿಕೊಡುವೆವೆಂದು ಫಲಕ ಹಾಕಿಕೊಂಡಿದ್ದ ದೂರದ ಪಟ್ಟಣದ ಖಾಸಗಿ ಸಂಸ್ಥೆಯೊಂದಕ್ಕೆ, ತಂದೆಯು ಎರಡೆಕರೆ ಎರೆಹೊಲವನ್ನು ಒತ್ತೆಯಿಟ್ಟು ತಂದ ಹಣವನ್ನು ಕಟ್ಟಿದ್ದಾರೆ. ಒಂದು ವರ್ಷದ ತರುವಾಯ ಹುಡುಗನಿಗೆ ದೊರೆತದ್ದು ಬಣ್ಣದ ಅಕ್ಷರಗಳ ಒಂದು ಪ್ರಮಾಣಪತ್ರ, ಮತ್ತು ಗುತ್ತಿಗೆದಾರನೊಬ್ಬನ ಕೈಕೆಳಗೆ ಪ್ರಯಾಣಿಕರ ಸಾಮಾನಿನ ತಳ್ಳುಬಂಡಿಗಳನ್ನು ಒಟ್ಟುಗೂಡಿಸುವ ಕೆಲಸ. ಆ ಹಿರಿಯರು ನಮ್ಮನ್ನು ಕೇಳಿದ್ದು ಒಂದೇ ಮಾತು: “ಸಾಹೇಬ್ರ, ಇಮಾನದ ನೌಕರಿ ಅಂದ್ರ ಗಾಡಿ ನೂಕೂದಾ ಏನ್ರಿ?”

ಈ ಪ್ರಶ್ನೆಗೆ ಆ ಹೊತ್ತಿನಲ್ಲಿ ನಾವು ಕೊಟ್ಟ ಉತ್ತರವು ನಮಗೇ ತೃಪ್ತಿಯನ್ನುಂಟುಮಾಡಲಿಲ್ಲ. ಇದು ಒಬ್ಬ ತಂದೆಯ ಪ್ರಶ್ನೆಯಲ್ಲ, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕೂ ತಾಲೂಕುಗಳ ನೂರಾರು ಮನೆಗಳ ಪ್ರಶ್ನೆಯೆಂದು ತೋರಿದ್ದರಿಂದ ಇಂದಿನ ಲೇಖನವನ್ನು ಅದಕ್ಕಾಗಿಯೇ ಮೀಸಲಿಟ್ಟಿದ್ದೇವೆ.

ಕೊಪ್ಪಳದ ಸಮೀಪ ಬಸಾಪುರದಲ್ಲಿ ಎಂ.ಎಸ್.ಪಿ.ಎಲ್. ಸಂಸ್ಥೆಯ ಖಾಸಗಿ ವಿಮಾನದಾರಿಯಿರುವುದು ವಾಚಕರಿಗೆ ತಿಳಿದ ಸಂಗತಿ. ಸಣ್ಣ ಊರುಗಳಿಗೂ ವಿಮಾನ ಸಂಚಾರವನ್ನು ಒದಗಿಸುವ ಉಡಾನ್ ಯೋಜನೆಯ ಪಟ್ಟಿಯಲ್ಲಿ 2018ರಲ್ಲಿ ಕೊಪ್ಪಳದ ಹೆಸರೂ ಕಾಣಿಸಿಕೊಂಡಿತು. ಅಂದಿನಿಂದ ಅರ್ಜಿಗಳೂ ನಿಯೋಗಗಳೂ ಭರವಸೆಗಳೂ ನಡೆದೇ ಇವೆ. ಅಂಜನಾದ್ರಿಗೆ ಬರುವ ಯಾತ್ರಿಕರು, ಆನೆಗೊಂದಿ ಹಂಪೆಗಳನ್ನು ನೋಡಬಯಸುವ ಪರದೇಶಸ್ಥರು, ಕಾರಖಾನೆಗಳ ವ್ಯವಹಾರಸ್ಥರು, ಇವರೆಲ್ಲರ ಹೆಸರಿನಲ್ಲಿ ನಿಲ್ದಾಣವನ್ನು ಕೇಳುತ್ತಿದ್ದೇವೆ. ಕೇಳುವುದು ನ್ಯಾಯವೇ. ಆದರೆ ನಿಲ್ದಾಣವು ಬಂದರೆ ಅದನ್ನು ನಡೆಸುವವರು ಯಾರು ಎಂಬ ವಿಚಾರವನ್ನು ಯಾವ ಅರ್ಜಿಯಲ್ಲಿಯೂ ನಾವು ಕಂಡಿಲ್ಲ. ವಿಮಾನವೇರುವ ನಾಲ್ಕು ಜನರ ಅನುಕೂಲಕ್ಕಿಂತ, ನೆಲದ ಮೇಲೆ ನಿಂತು ವಿಮಾನವನ್ನು ಇಳಿಸಿ ಏರಿಸುವ ನೂರು ಜನರ ವೃತ್ತಿಯು ಊರಿಗೆ ಹೆಚ್ಚು ಮಹತ್ವದ್ದೆಂಬುದು ನಮ್ಮ ಅಭಿಪ್ರಾಯ.

“ನಮಗೆ ರೈಲೇ ಈಗ ಬಂದಿದೆ, ವಿಮಾನದ ಮಾತು ಯಾತಕ್ಕೆ?” ಎಂದು ಕೆಲವರು ನಗಬಹುದು. ಗಂಗಾವತಿಗೆ ರೈಲು ಬಂದದ್ದು 2019ರಲ್ಲಿ, ಕುಷ್ಟಗಿಗೆ 2025ರಲ್ಲಿ ಎಂಬುದು ನಿಜ. ಆದರೆ ವಿಮಾನವು ಈ ಸೀಮೆಗೆ ಹೊಸದೇನೂ ಅಲ್ಲ. ಹಿಂದುಸ್ಥಾನದ ಮೊದಲ ನಿಯತ ದೇಶೀಯ ಟಪಾಲು ವಿಮಾನ ಸಂಚಾರವು 1932ನೆಯ ಇಸವಿ ಅಕ್ಟೋಬರ 15ರಂದು ಆರಂಭವಾಯಿತು. ಆ ದಿನ ಜೆ.ಆರ್.ಡಿ. ತಾತಾ ಅವರು ಕರಾಚಿಯಿಂದ ಅಹಮದಾಬಾದದ ಮಾರ್ಗವಾಗಿ ಮುಂಬಯಿಗೆ ಟಪಾಲನ್ನು ತಂದರು. ಅಲ್ಲಿಂದ ಅದನ್ನು ಮದ್ರಾಸಿಗೆ ಒಯ್ದವರು ಅವರ ಸಹಚರ ನೆವಿಲ್ ವಿನ್ಸೆಂಟರು. ಆ ಪ್ರಯಾಣದ ನಡುವಣ ತಂಗುದಾಣವು ನಮ್ಮ ನೆರೆಯ ಬಳ್ಳಾರಿ! ಅಹಮದಾಬಾದದಲ್ಲಿ ವಿಮಾನಕ್ಕೆ ಬೇಕಾದ ಇಂಧನದ ಡಬ್ಬಗಳು ಬಂದದ್ದು ಎತ್ತಿನ ಬಂಡಿಯ ಮೇಲೆ. ಹಾರಿದವರ ಹೆಸರು ಇತಿಹಾಸದಲ್ಲಿ ಉಳಿಯಿತು. ಬಂಡಿ ಹೊಡೆದವನ ಹೆಸರನ್ನು ಯಾರೂ ಬರೆದಿಡಲಿಲ್ಲ. ಆದರೆ ಆ ಬಂಡಿಯು ಹೊತ್ತಿಗೆ ಸರಿಯಾಗಿ ಬಾರದಿದ್ದರೆ ವಿಮಾನವು ಏಳುತ್ತಿರಲಿಲ್ಲ. ವಿಮಾನ ನಿಲ್ದಾಣದ ಕಾರ್ಯನಿರ್ವಹಣೆ ಎಂಬ ವೃತ್ತಿಯ ತಿರುಳು ಇಷ್ಟೇ.

ಇದನ್ನು ಇನ್ನೂ ಹತ್ತಿರದ ಉದಾಹರಣೆಯಿಂದ ತಿಳಿಯಬಹುದು. ಪ್ರತಿ ವರ್ಷವೂ ಕೊಪ್ಪಳದ ಗವಿಮಠದ ಜಾತ್ರೆಗೆ ಲಕ್ಷಾವಧಿ ಜನರು ಕೂಡುತ್ತಾರೆ. ತೇರೆಳೆಯುವ ಗಳಿಗೆಯು ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ಬಂಡಿ ವಾಹನಗಳು ಎಲ್ಲಿ ನಿಲ್ಲಬೇಕು, ತೇರಿನ ದಾರಿಯಲ್ಲಿ ಕಲ್ಲು ಕಂಟಿಗಳಿಲ್ಲವಷ್ಟೆ, ಮಹಾದಾಸೋಹದ ಸಾಲು ಯಾವ ಕಡೆಯಿಂದ ಹೊಕ್ಕು ಯಾವ ಕಡೆಗೆ ಹೊರಡಬೇಕು, ನೀರು, ದೀಪ, ಕಾವಲು, ಇವುಗಳನ್ನು ನೋಡುವ ಕಾರ್ಯಕರ್ತರು ಕಣ್ಣಿಗೆ ಬೀಳುವುದಿಲ್ಲ. ಅವರು ಒಂದು ಗಳಿಗೆ ಮೈಮರೆತರೆ ಜಾತ್ರೆಯು ಅನರ್ಥವಾಗುತ್ತದೆ. ವಿಮಾನ ನಿಲ್ದಾಣವೆಂದರೆ ವರ್ಷದ ಪ್ರತಿ ದಿನವೂ, ಹಗಲಿರುಳೆನ್ನದೆ ನಡೆಯುವ ಜಾತ್ರೆ.

ಅಲ್ಲಿಯ ಕೆಲಸಗಳಾದರೂ ಯಾವುವು? ವಿಮಾನವು ಇಳಿದು ಏರುವ ದಾರಿಯನ್ನು, ಅಂದರೆ ರನ್‌ವೇಯನ್ನು, ದಿನಕ್ಕೆ ಹಲವು ಬಾರಿ ವಾಹನದಲ್ಲಿ ಸುತ್ತಿ ಪರೀಕ್ಷಿಸುವುದು. ಬಿದ್ದ ಮೊಳೆ, ಕಲ್ಲು, ಬಟ್ಟೆಯ ಚೂರುಗಳನ್ನು ಹೆಕ್ಕಿಸುವುದು. ಹದ್ದು ಕೊಕ್ಕರೆಗಳೂ ನಾಯಿಗಳೂ ಸುಳಿಯದಂತೆ ನೋಡುವುದು. ಯಾವ ವಿಮಾನವು ಅಂಗಳದ ಯಾವ ಠಾಣದಲ್ಲಿ ನಿಲ್ಲಬೇಕೆಂದು ಗೊತ್ತುಪಡಿಸುವುದು. ದೀಪಗಳೊಳಗೆ ಒಂದು ಕೆಟ್ಟಿದ್ದರೂ, ದಾರಿಯ ಒಂದು ತುಣುಕು ದುರಸ್ತಿಯಲ್ಲಿದ್ದರೂ ಆ ಸೂಚನೆಯು ದೇಶದೇಶಾಂತರದ ವೈಮಾನಿಕರಿಗೆ ಮುಟ್ಟುವಂತೆ ಮಾಡುವುದು. ಇವಲ್ಲದೆ ಸಾಮಾನಿನ ತೂಕವನ್ನು ವಿಮಾನದಲ್ಲಿ ಸಮತೋಲವಾಗಿ ಹಂಚುವವರು, ಹವೆಯ ವರದಿ ಕೊಡುವವರು, ನಿಯಂತ್ರಣ ಗೋಪುರದಲ್ಲಿ ಕುಳಿತು ವಿಮಾನಗಳಿಗೆ ದಾರಿಯನ್ನು ಹೇಳುವವರು ಬೇರೆ. ಅಗ್ನಿಶಾಮಕ ದಳದವರಂತೂ ಕರೆ ಬಂದ 3 ನಿಮಿಷಗಳೊಳಗಾಗಿ ರನ್‌ವೇಯ ಯಾವ ತುದಿಯನ್ನಾದರೂ ಮುಟ್ಟಬೇಕೆಂಬುದು ಅಂತರರಾಷ್ಟ್ರೀಯ ನಿಯಮ.

ಇಷ್ಟು ಕಟ್ಟುನಿಟ್ಟು ಯಾತಕ್ಕೆಂದರೆ, ಇಲ್ಲಿ ಸಣ್ಣ ತಪ್ಪೆಂಬುದೇ ಇಲ್ಲ. 2000ನೆಯ ಇಸವಿ ಜುಲೈ 25ರಂದು ಪ್ಯಾರಿಸಿನಲ್ಲಿ, ಮುಂಚೆ ಹೋದ ಬೇರೊಂದು ವಿಮಾನದಿಂದ ಕಳಚಿ ರನ್‌ವೇಯ ಮೇಲೆ ಬಿದ್ದಿದ್ದ ಒಂದು ಲೋಹದ ಪಟ್ಟಿಯು ಕಾಂಕಾರ್ಡ್ ವಿಮಾನದ ಗಾಲಿಯನ್ನು ಸೀಳಿತು. 113 ಜನರು ಪ್ರಾಣವನ್ನು ಕಳೆದುಕೊಂಡರು. ಪ್ಯಾರಿಸು ದೂರವೆನ್ನುವವರು ನಮ್ಮ ಮುನಿರಾಬಾದನ್ನು ನೆನೆಯಲಿ. 2024ನೆಯ ಇಸವಿ ಆಗಸ್ಟ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಬಾಗಿಲಿನ ಸರಪಳಿಯು ಕಡಿದು, ಬಾಗಿಲೇ ಕೊಚ್ಚಿಹೋದಾಗ ನಾಲ್ಕು ಜಿಲ್ಲೆಗಳ ರೈತರು ನಿದ್ದೆಗೆಟ್ಟರಲ್ಲವೆ? ದೊಡ್ಡ ನಿರ್ಮಾಣಗಳು ಕಟ್ಟಿದವರಿಂದ ಒಮ್ಮೆ ನಿಲ್ಲುತ್ತವೆ, ಕಾಯುವವರಿಂದ ನಿತ್ಯವೂ ನಿಲ್ಲುತ್ತವೆ.

ಇನ್ನು ಈ ವೃತ್ತಿಯನ್ನು ಸೇರುವ ದಾರಿಯ ಮಾತು. 1995ರಲ್ಲಿ ಸ್ಥಾಪಿತವಾದ ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರವು ಕಿರಿಯ ಅಧಿಕಾರಿಗಳನ್ನು ಬಹಿರಂಗ ಪ್ರಕಟನೆಯ ಮೂಲಕ, ಸ್ಪರ್ಧಾ ಪರೀಕ್ಷೆಯಿಂದ ಆರಿಸುತ್ತದೆ. ವಿಮಾನ ಸಂಚಾರ ನಿಯಂತ್ರಣದ ಹುದ್ದೆಗೆ ಭೌತಶಾಸ್ತ್ರ ಗಣಿತಗಳೊಡನೆ ಬಿ.ಎಸ್‌ಸಿ., ಇಲ್ಲವೆ ಎಂಜಿನಿಯರಿಂಗ್ ಪದವಿ ಸಾಕು. ನಿಲ್ದಾಣ ಕಾರ್ಯನಿರ್ವಹಣೆಯ ಹುದ್ದೆಗೆ ಎಂಜಿನಿಯರಿಂಗ್ ಪದವಿ, ಅಥವಾ ವಿಜ್ಞಾನ ಪದವಿಯ ಮೇಲೆ ಎಂ.ಬಿ.ಎ. ಬೇಕು, ಅದರೊಡನೆ ಲಘು ಮೋಟಾರು ವಾಹನ ಚಾಲನೆಯ ಪರವಾನಿಗೆಯೂ ಬೇಕು. ವಯಸ್ಸಿನ ಮಿತಿ ಸಾಮಾನ್ಯವಾಗಿ 27. ಹಿಂದುಳಿದವರಿಗೂ ಪರಿಶಿಷ್ಟರಿಗೂ ನಿಯಮದಂತೆ ಸಡಿಲಿಕೆಯುಂಟು. ಸಂಚಾರ ನಿಯಂತ್ರಣಕ್ಕೆ ಆಯ್ಕೆಯಾದವರಿಗೆ ಧ್ವನಿಪರೀಕ್ಷೆ, ವೈದ್ಯಪರೀಕ್ಷೆಗಳಾದ ಮೇಲೆ ಪ್ರಾಧಿಕಾರವೇ ತನ್ನ ಶಿಕ್ಷಣಾಲಯಗಳಲ್ಲಿ ವಿದ್ಯೆಯನ್ನು ಕಲಿಸುತ್ತದೆ. ಅವುಗಳಲ್ಲಿ ಹಿರಿಯದಾದ ಪ್ರಯಾಗದ ಕಾಲೇಜು 1948ರಷ್ಟು ಹಳೆಯದು. ಇಲ್ಲಿ ಮಧ್ಯಸ್ಥರಿಗೆ ಕೆಲಸವಿಲ್ಲ. ನೇಮಕ ಮಾಡಿಸಿಕೊಡುವೆನೆಂದು ಹಣ ಕೇಳುವವನು ವಂಚಕನೆಂದೇ ತಿಳಿಯತಕ್ಕದ್ದು.

ವಾಚಕರು ಗಮನಿಸಬೇಕು: ಹೊಲವನ್ನು ಒತ್ತೆಯಿಡಿಸಿದ ಆ ಹುಡುಗನಿಗೆ ಗೋಪುರದ ಪರೀಕ್ಷೆಗೆ ಕೂಡ್ರುವ ಅರ್ಹತೆಯು ಬಿ.ಎಸ್‌ಸಿ. ಮುಗಿದ ದಿನದಿಂದಲೇ ಇದ್ದಿತು. ಅವನಿಗೆ ಬೇಕಾಗಿದ್ದುದು ಪ್ರಮಾಣಪತ್ರವಲ್ಲ, ಒಂದು ಮಾತಿನ ತಿಳಿವಳಿಕೆ. ಅದನ್ನು ಹೇಳುವವರು ಅವನ ಕಾಲೇಜಿನಲ್ಲಿ ಇರಲಿಲ್ಲ, ತಾಲೂಕಿನಲ್ಲಿ ಇರಲಿಲ್ಲ. ನಾಚಿಕೆಯಿಂದ ಹೇಳಬೇಕೆಂದರೆ, ನಮ್ಮ ಈ ಪತ್ರಿಕೆಯಲ್ಲಿಯೂ ಇರಲಿಲ್ಲ. ಎಷ್ಟೋ ರಾಜಕೀಯ ಭಾಷಣಗಳನ್ನು ಅಚ್ಚುಹಾಕಿದ ನಾವು ಆ ಪ್ರಕಟನೆಯನ್ನು ನಾಲ್ಕು ಸಾಲಿನಲ್ಲಿ ಅಚ್ಚುಹಾಕಲಿಲ್ಲ.

ತಿಳಿವಳಿಕೆಯಿಲ್ಲದೆ ದೊಡ್ಡ ಯೋಜನೆಗಳನ್ನು ಬರಮಾಡಿಕೊಂಡರೆ ಏನಾಗುವುದೆಂಬುದನ್ನು ಗಂಗಾವತಿಯ ಹಿರಿಯರು ಕಂಡಿದ್ದಾರೆ. 1953ರಲ್ಲಿ ತುಂಗಭದ್ರೆಯ ನೀರು ಎಡದಂಡೆಯ ಕಾಲುವೆಗೆ ಹರಿಯಲಾರಂಭಿಸಿದಾಗ, ಮಳೆಯ ಬೇಸಾಯವನ್ನಷ್ಟೇ ಬಲ್ಲ ನಮ್ಮ ರೈತರಿಗೆ ನೀರಾವರಿಯ ಮರ್ಮ ಗೊತ್ತಿರಲಿಲ್ಲ. ಗೋದಾವರಿ ಕೃಷ್ಣೆಯರ ಸೀಮೆಯಿಂದ ಬಂದ ಉದ್ಯಮಶೀಲ ರೈತರಿಗೆ ಗೊತ್ತಿತ್ತು. ನಮ್ಮವರು ಅನೇಕರು ಹೊಲಗಳನ್ನು ಅಗ್ಗವಾಗಿ ಮಾರಿದರು. ಬಂದವರು ಕ್ಯಾಂಪುಗಳನ್ನು ಕಟ್ಟಿ ಬೆವರು ಸುರಿಸಿ ಗಂಗಾವತಿಯನ್ನು ಭತ್ತದ ಕಣಜವನ್ನಾಗಿ ಮಾಡಿದರು. ಅವರನ್ನು ನಾವು ದೂಷಿಸುವುದಿಲ್ಲ. ಅವರೀಗ ನಮ್ಮವರೇ, ಅವರಿಂದ ಕಲಿತದ್ದೂ ಬಹಳ. ಆದರೆ ಮಾರಿದ ಹೊಲದಲ್ಲಿಯೇ ಕೂಲಿಗೆ ಹೋದವರ ಕಥೆಯನ್ನು ಮರೆಯಲಾದೀತೆ? ನೀರು ಬರುವ ಮುನ್ನ ನೀರಿನ ವಿದ್ಯೆಯು ಬರಲಿಲ್ಲವೆಂಬುದೇ ಅಂದಿನ ನಮ್ಮ ನಷ್ಟ. ನಾಳೆ ವಿಮಾನ ಬಂದರೆ, ನಿಲ್ದಾಣಕ್ಕೆ ಭೂಮಿಯನ್ನು ಕೊಟ್ಟ ರೈತನ ಮಗನು ಅದರ ಅಂಗಳದಲ್ಲಿ ಬಂಡಿ ನೂಕುವವನಾಗಿಯೇ ಉಳಿಯಬೇಕೆ? ನೂಕುವುದು ಹೀನವಲ್ಲ, ಬೇರೆ ದಾರಿ ತಿಳಿಯದೆ ನೂಕುವುದು ದುರ್ದೈವ.

ಸರಕಾರದ ಹೊಣೆಯೂ ಇಲ್ಲಿ ಕಡಿಮೆಯದಲ್ಲ. ಸಂವಿಧಾನದ 98ನೆಯ ತಿದ್ದುಪಡಿಯಿಂದ ನಮ್ಮ ಭಾಗಕ್ಕೆ ದೊರೆತ 371(ಜೆ) ವಿಧಿಯು ರಾಜ್ಯ ಸರಕಾರದ ನೌಕರಿಗಳಿಗೂ ವಿದ್ಯಾಲಯಗಳಿಗೂ ಅನ್ವಯಿಸುತ್ತದೆ. ಕೇಂದ್ರದ ಪ್ರಾಧಿಕಾರಕ್ಕಾಗಲಿ ಖಾಸಗಿ ನಿಲ್ದಾಣಗಳಿಗಾಗಲಿ ಅದು ಮುಟ್ಟುವುದಿಲ್ಲ. 2019ರಲ್ಲಿ ಕಲಬುರ್ಗಿಯಲ್ಲಿ, 2020ರಲ್ಲಿ ಬೀದರದಲ್ಲಿ ವಿಮಾನ ಸಂಚಾರವು ಆರಂಭವಾಯಿತು. ಅದಕ್ಕೂ ಮುಂಚೆ, 2017ರಲ್ಲಿ, ತೋರಣಗಲ್ಲಿನ ಖಾಸಗಿ ನಿಲ್ದಾಣದಿಂದ ಉಡಾನ್ ಯೋಜನೆಯಂತೆ ಹೈದರಾಬಾದಿಗೆ ವಿಮಾನಗಳು ಹಾರಿದವು. ಅಲ್ಲಿಯ ಮೇಲಣ ಹುದ್ದೆಗಳಿಗೆ ನಮ್ಮ ತರುಣರು ಮೀಸಲಾತಿಯ ಬಲದಿಂದಲ್ಲ, ಸ್ಪರ್ಧೆಯ ಬಲದಿಂದಲೇ ಏರಬೇಕಾಗಿದೆ. ಆದರೆ 2023ರಲ್ಲಿ ತೆರೆದ ಶಿವಮೊಗ್ಗೆಯ ನಿಲ್ದಾಣವನ್ನು ರಾಜ್ಯ ಸರಕಾರವು ತನ್ನ ಸಂಸ್ಥೆಯ ಮೂಲಕ ತಾನೇ ನಡೆಸಲು ಮುಂದಾಯಿತು. ಕೊಪ್ಪಳದಲ್ಲಿಯೂ ಹಾಗೆಯೇ ಆಗಬೇಕೆಂದೂ, ಸ್ಥಳೀಯರ ಶಿಕ್ಷಣವನ್ನು ಕರಾರಿನಲ್ಲಿಯೇ ಸೇರಿಸಬೇಕೆಂದೂ ನಮ್ಮ ಪ್ರತಿನಿಧಿಗಳು ಈಗಲೇ ಪಟ್ಟು ಹಿಡಿಯಬೇಕು. ಕಟ್ಟಡವೆದ್ದ ಮೇಲೆ ಕೇಳಿದರೆ ಫಲವಿಲ್ಲ.

ಅಲ್ಲಿಯವರೆಗೆ ಪುರಜನರೂ ಅಧಿಕಾರಿಗಳೂ ಮಾಡಬಹುದಾದ ಕೆಲಸಗಳಿಗೆ ಕೊರತೆಯಿಲ್ಲ. ಗಂಗಾವತಿ, ತಳಕಲ್ಲುಗಳಲ್ಲಿ ಸರಕಾರಿ ಎಂಜಿನಿಯರಿಂಗ್ ಕಾಲೇಜುಗಳಿವೆ. ನಾಲ್ಕೂ ತಾಲೂಕುಗಳಲ್ಲಿ ಪದವಿ ಕಾಲೇಜುಗಳಿವೆ. ಪ್ರತಿ ಕಾಲೇಜಿನಲ್ಲಿಯೂ ಪ್ರಕಟನೆಗಳನ್ನು ಓದಿ ಹೇಳುವ ಒಬ್ಬ ಉಪಾಧ್ಯಾಯರು ಗೊತ್ತಾಗಲಿ. ಜಿಲ್ಲಾಡಳಿತವು ವರ್ಷಕ್ಕೊಮ್ಮೆ ವಿಜ್ಞಾನ ಪದವೀಧರರಿಗೆ ಪರೀಕ್ಷಾ ತರಬೇತಿಯನ್ನು ಏರ್ಪಡಿಸಲಿ. ಕನ್ನಡ ಮಾಧ್ಯಮದ ಮಕ್ಕಳು ಇಂಗ್ಲಿಷಿಗೆ ಅಂಜಿ ಹಿಂಜರಿಯುವುದನ್ನು ಬಲ್ಲೆವು. ಗೋಪುರದ ಭಾಷೆಯು ಇಂಗ್ಲಿಷೇ. ಆದರೆ ಅದು ಕಾವ್ಯದ ಇಂಗ್ಲಿಷಲ್ಲ, ಗೊತ್ತಾದ ಪದಗಳ, ಸ್ಪಷ್ಟ ಉಚ್ಚಾರದ, ಕೇಳಿದ್ದನ್ನು ಮರಳಿ ಹೇಳಿ ಖಚಿತಪಡಿಸಿಕೊಳ್ಳುವ ಇಂಗ್ಲಿಷು. ಪಾಠಶಾಲೆಯಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿದ ನಾಡಿನ ಮಕ್ಕಳಿಗೆ ಅಷ್ಟು ಅಸಾಧ್ಯವೆ? ಕನ್ನಡಾಭಿಮಾನವೆಂದರೆ ಇಂಗ್ಲಿಷನ್ನು ಕಲಿಯದಿರುವುದಲ್ಲ. ಅದನ್ನು ಕಲಿತು ಆ ಹುದ್ದೆಯಲ್ಲಿ ಒಬ್ಬ ಕನ್ನಡಿಗನು ಕೂಡ್ರುವುದು.

ಈ ವೃತ್ತಿಯು ಸುಖದ ಹಾಸಿಗೆಯೆಂದು ನಾವು ಹೇಳೆವು. ರಾತ್ರಿಯ ಪಾಳಿಯುಂಟು, ದೀಪಾವಳಿ ಯುಗಾದಿಗಳಂದು ರಜೆಯಿರಲಾರದು, ಊರಿಂದೂರಿಗೆ ವರ್ಗವಾಗುವುದು ನಿಶ್ಚಯ. ಹೆಣ್ಣುಮಕ್ಕಳೂ ಈ ಕೆಲಸಗಳಲ್ಲಿ ಸಮಾನವಾಗಿ ದುಡಿಯುತ್ತಿರುವಾಗ ನಮ್ಮ ಕಡೆಯ ತಂದೆತಾಯಿಗಳು ‘ರಾತ್ರಿಯ ಕೆಲಸ’ವೆಂಬ ಒಂದೇ ಕಾರಣದಿಂದ ಮಗಳ ಅರ್ಜಿಯನ್ನು ತಡೆಯಬಾರದು, ದವಾಖಾನೆಯ ದಾದಿಯರು ರಾತ್ರಿ ದುಡಿಯುವುದಿಲ್ಲವೆ?

ಆ ಹಿರಿಯರಿಗೆ ನಾವು ಕೊಡಬೇಕಾಗಿದ್ದ ಉತ್ತರವು ಹೀಗಿದೆ: ಯಜಮಾನರೇ, ವಿಮಾನದ ನೌಕರಿಯೆಂದರೆ ಬಂಡಿ ನೂಕುವುದೂ ಹೌದು, ದಾರಿ ಕಾಯುವುದೂ ಹೌದು, ಬೆಂಕಿಗೆ ಎದುರಾಗುವುದೂ ಹೌದು, ಗೋಪುರದಲ್ಲಿ ಕುಳಿತು ನೂರಾರು ಜೀವಗಳನ್ನು ಕ್ಷೇಮವಾಗಿ ನೆಲಕ್ಕಿಳಿಸುವುದೂ ಹೌದು. ನಿಮ್ಮ ಮಗನಿಗೆ ಇನ್ನೂ ಎರಡು ವರ್ಷಗಳ ಅವಕಾಶವಿದೆ. ಅವನು ವಾರಕ್ಕೆ ಮೂರು ಸಂಜೆ ನಮ್ಮ ಕಚೇರಿಗೆ ಬಂದು ಇಂಗ್ಲಿಷ್ ಪತ್ರಿಕೆಗಳನ್ನು ಗಟ್ಟಿಯಾಗಿ ಓದಲಿ; ಇನ್ನು ಮುಂದೆ ಪ್ರಾಧಿಕಾರದ ಪ್ರತಿಯೊಂದು ಪ್ರಕಟನೆಯನ್ನೂ ಈ ಪತ್ರಿಕೆಯ ಎರಡನೆಯ ಪುಟದಲ್ಲಿ, ಶುಲ್ಕವಿಲ್ಲದೆ, ಕನ್ನಡದಲ್ಲಿ ಪ್ರಕಟಿಸುವೆವು. ಅವನಂತಹ ಇತರರಿಗೂ ನಮ್ಮ ಬಾಗಿಲು ತೆರೆದಿದೆ.