ಲಾಗಿನ್‌ನೊಳಗಿನ ಮರದ ತುಂಡು

ನಮ್ಮ ಸಂಘದ ರಾಜ್ಯೋತ್ಸವ ಸ್ಪರ್ಧೆಗಳ ನೋಂದಣಿಗೆ ಒಂದು ವೆಬ್‌ಪೇಜ್ ಮಾಡ್ತಾ ಇದ್ವಿ. ಎಲ್ಲಾ ಕನ್ನಡದಲ್ಲೇ ಇರಬೇಕು ಅಂತ ಹಟ. ಲಾಗಿನ್ ಬಟನ್ ಹತ್ತಿರ ಬಂದು ನಿಂತ್ವಿ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಗೆಳೆಯ ಕೇಳಿದ: "ಲಾಗ್ ಅಂದ್ರೆ ಏನ್ರೋ? ಅದರೊಳಗೆ ಯಾಕೆ ಹೋಗ್ಬೇಕು?"

ನಾವು ನಾಲ್ಕು ಜನ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಮೊದಲು ನಕ್ಕೆವು. ಆಮೇಲೆ ಒಬ್ಬ "ಲಾಗರಿದಮ್ ಇರಬೇಕು" ಅಂದ. ಯಾರಿಗೂ ಗೊತ್ತಿರಲಿಲ್ಲ. ದಿನಕ್ಕೆ ಹತ್ತು ಸಲ ಬಳಸೋ ಪದ. ನಕ್ಕಿದ್ದಕ್ಕೆ ನಾಚಿಕೆ ಆಗಿ ಹುಡುಕೋಕೆ ಕೂತ್ವಿ.

ಲಾಗರಿದಮ್ ಅಲ್ಲ. ಅದು ಜಾನ್ ನೇಪಿಯರ್ 1614ರಲ್ಲಿ ಗ್ರೀಕಿನ 'ಲೋಗೋಸ್' ಮತ್ತು 'ಅರಿತ್ಮೋಸ್' ಸೇರಿಸಿ ಕಟ್ಟಿದ ಪದ. ನಮ್ಮ ಲಾಗ್ ಬರೀ ಮರದ ತುಂಡು!

ಹಡಗಿನ ವೇಗ ಅಳೆಯೋದು ಹೇಗೆ? ಸಮುದ್ರದಲ್ಲಿ ಮೈಲಿಗಲ್ಲು ಇಲ್ಲ. ನಾವಿಕರು ಹಗ್ಗಕ್ಕೆ ಒಂದು ಹಲಗೆ ಕಟ್ಟಿ ಹಡಗಿನ ಹಿಂದೆ ನೀರಿಗೆ ಎಸೀತಿದ್ರು. ಹಲಗೆ ಕಾಲು ವೃತ್ತದ ಆಕಾರದ್ದು, ಬಾಗಿದ ಅಂಚಿಗೆ ಸೀಸದ ಭಾರ. ಹಾಗಾಗಿ ಅದು ನೀರಲ್ಲಿ ನೆಟ್ಟಗೆ ನಿಂತು ಹೆಚ್ಚುಕಮ್ಮಿ ಬಿದ್ದಲ್ಲೇ ಇರುತ್ತೆ. ಹಡಗು ಮುಂದೆ ಹೋದ ಹಾಗೆ ಹಗ್ಗ ಬಿಚ್ಚಿಕೊಳ್ತಾ ಹೋಗುತ್ತೆ. ಹಗ್ಗದಲ್ಲಿ ಸಮ ದೂರಕ್ಕೆ ಒಂದೊಂದು ಗಂಟು. ಮರಳು ಗಡಿಯಾರ ಖಾಲಿಯಾಗೋ ಅಷ್ಟರಲ್ಲಿ ಎಷ್ಟು ಗಂಟು ಕೈಯಿಂದ ಜಾರಿತೋ ಅಷ್ಟು ವೇಗ. 1574ರಲ್ಲೇ ವಿಲಿಯಂ ಬೋರ್ನ್ ಎಂಬ ಇಂಗ್ಲಿಷಿನವನು ಈ ವಿಧಾನದ ಬಗ್ಗೆ ಬರೆದಿದ್ದಾನೆ.

ಇಂಜಿನಿಯರಿಂಗ್ ಓದ್ತಾ ಸುಮ್ನೆ ನಂಬೋಕಾಗುತ್ತಾ? ಲೆಕ್ಕ ಹಾಕಿದ್ವಿ. ಮುಂದೆ ರೂಢಿಗೆ ಬಂದ ಅಳತೆಯಲ್ಲಿ ಗಂಟುಗಳ ನಡುವೆ 47 ಅಡಿ 3 ಇಂಚು, ಮರಳು ಗಡಿಯಾರ 28 ಸೆಕೆಂಡಿನದ್ದು. ಒಂದು ನಾಟಿಕಲ್ ಮೈಲಿ ಅಂದ್ರೆ 1852 ಮೀಟರ್. 3600ರಿಂದ ಭಾಗಿಸಿ 28ರಿಂದ ಗುಣಿಸಿದರೆ 14.4 ಮೀಟರ್. 47 ಅಡಿ 3 ಇಂಚೂ ಅಷ್ಟೇ! ಕಾರವಾರದ ನೌಕಾನೆಲೆಗೆ ಬರೋ ಹಡಗಿನ ವೇಗವನ್ನು ಇವತ್ತಿಗೂ 'ನಾಟ್'ನಲ್ಲಿ, ಅಂದ್ರೆ ಗಂಟಿನಲ್ಲಿ ಹೇಳೋದು ಇದಕ್ಕೇ. (ಗಂಟೆಗೆ ಇಷ್ಟು ನಾಟ್ ಅಂತ ಬರೀಬೇಡಿ. ಗಂಟೆ ಗಂಟಿನೊಳಗೇ ಇದೆ.)

ಆ ಮರದ ತುಂಡು ಹೇಳಿದ ವೇಗವನ್ನು ಬರೆದಿಡೋ ಪುಸ್ತಕ ಲಾಗ್‌ಬುಕ್. ಆಮೇಲೆ ಗಾಳಿ, ದಿಕ್ಕು, ದಿನದ ಆಗುಹೋಗು ಎಲ್ಲಾ ಅದರಲ್ಲೇ. ಬರ್ತಾ ಬರ್ತಾ ದಾಖಲೆಯೇ 'ಲಾಗ್' ಆಯ್ತು, ಮರ ಮರೆತುಹೋಯ್ತು. ಬ್ಲಾಗ್ ಕೂಡ ಇದೇ ಮನೆಯ ಕೂಸು: ವೆಬ್ ಲಾಗ್.

ಕಂಪ್ಯೂಟರಿಗೆ ಇದು ಬಂದದ್ದು ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳೋಕೆ ಶುರುಮಾಡಿದಾಗ. 1961ರಲ್ಲಿ ಎಂಐಟಿಯಲ್ಲಿ ಫರ್ನಾಂಡೋ ಕೊರ್ಬಾಟೋ ಅವರ ತಂಡ ಸಿಟಿಎಸ್‌ಎಸ್ ಅನ್ನೋ ವ್ಯವಸ್ಥೆ ಮಾಡಿ ತೋರಿಸಿತು. ಯಾರು ಬಂದರು, ಎಷ್ಟು ಹೊತ್ತು ಬಳಸಿದರು ಅನ್ನೋ ಲೆಕ್ಕ ಬೇಕಲ್ಲ? ಅದಕ್ಕೆ ಲಾಗಿನ್ ಆಜ್ಞೆ, ಜೊತೆಗೆ ಪಾಸ್‌ವರ್ಡ್. ಮರುವರ್ಷವೇ ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿ ತನಗೆ ಕೊಟ್ಟ ಸಮಯ ಸಾಲದೆ ಎಲ್ಲರ ಪಾಸ್‌ವರ್ಡ್ ಫೈಲನ್ನೇ ಪ್ರಿಂಟ್ ಹಾಕಿಸಿಕೊಂಡ. ನಮ್ಮ ಹಾಸ್ಟೆಲ್‌ನವನೇ ಅನ್ನಿಸ್ತು.

ಇಂಗ್ಲಿಷಲ್ಲಿ ಕ್ರಿಯಾಪದವಾದರೆ 'ಲಾಗ್ ಇನ್' ಎರಡು ಪದ, ನಾಮಪದವಾದರೆ 'ಲಾಗಿನ್' ಒಂದೇ ಪದ. ಅವರೇ ಇದರಲ್ಲಿ ಎಡವುತ್ತಾರೆ. ಕನ್ನಡಕ್ಕೆ ಆ ತಲೆನೋವೇ ಇಲ್ಲ. ನಾವು ನಾಮಪದ ತಗೊಂಡು ನಮ್ಮ ಕ್ರಿಯಾಪದ ಅಂಟಿಸಿಬಿಟ್ವಿ: "ಲಾಗಿನ್ ಮಾಡ್ದೆ, ಆಗ್ಲಿಲ್ಲ." ಮಾಡಿದ್ದು ನಾವು, ಆಗದೇ ಇದ್ದದ್ದು ಸರ್ವರ್ ತಪ್ಪು; ಎರಡೇ ಪದದಲ್ಲಿ ಹೊಣೆ ಹಂಚಿಕೆ ಮುಗೀತು. ಪರೀಕ್ಷೆ ಫಾರ್ಮ್ ತುಂಬೋ ಕೊನೇ ದಿನ ತಿಪ್ಪರಲಾಗ ಹಾಕಿದ್ರೂ ಲಾಗಿನ್ ಆಗದವರಿಗೆ ಈ ವ್ಯತ್ಯಾಸದ ಬೆಲೆ ಗೊತ್ತು.

ಮತ್ತೆ ಬಟನ್‌ಗೆ ಬರೋಣ. 'ಪ್ರವೇಶಿಸಿ' ಅಂದ್ರೆ ಸಿನಿಮಾ ಥಿಯೇಟರಿನ ಬಾಗಿಲ ಹಾಗಿದೆ. 'ಲಾಗಿನ್ ಆಗಿ' ಅಂತಲೇ ಬಿಡೋಣ ಅಂದವರೂ ಇದ್ದರು, ಅವರ ಮಾತು ತಪ್ಪೇನಲ್ಲ. ಪ್ರಶ್ನೆ ಕೇಳಿದ ಗೆಳೆಯನೇ ಸೂಚಿಸಿದ: 'ಹಾಜರಿ ಹಾಕಿ.' ಪುಸ್ತಕದಲ್ಲಿ ಹೆಸರು ಬರೆಸಿ ಒಳಗೆ ಬರೋದು ತಾನೇ ಲಾಗಿನ್? ಅರ್ಥಕ್ಕೆ ಇದಕ್ಕಿಂತ ಹತ್ತಿರದ ಪದ ನಮಗೆ ಸಿಗಲಿಲ್ಲ. ಆದರೆ ಹಾಜರಿ ಅನ್ನೋ ಪದ ನೋಡಿದರೆ ನಮ್ಮ ಕಾಲೇಜಿನವರು ಆ ಪೇಜಿಗೇ ಬರಲ್ಲ ಅಂತ ಮೂರು ಓಟಿಗೆ ಎರಡರಿಂದ ಅದು ಬಿದ್ದುಹೋಯ್ತು. ಸದ್ಯಕ್ಕೆ 'ಒಳಗೆ ಬನ್ನಿ' ಅಂತಿದೆ. ಲಾಗ್ ಔಟ್ ಬಟನ್ ಮಾತ್ರ ಅವನೇ ಬರೆದ, ಅದಕ್ಕೆ ಓಟೂ ಬೇಕಾಗಲಿಲ್ಲ: 'ಹೋಗಿ ಬರ್ತೀನಿ.'